ಹೊಗೆ ಅಟ್ಟದ ಮೇಲಿನ ಅದಿರು

ಜುಲೈ 29, ಸೋಮವಾರ. ಬೆಳಿಗ್ಗೆ 6:10

ಸಭಿಕರೇ! ಮಹಾಜನರೇ! ಮುಂದಿನ ಬೆಂಚಿನ ಹಿರಿಯರೇ, ಹಿಂದೆ ನಿಂತು ಶೇಂಗಾ ಸುಲಿಯುತ್ತಿರುವ ತಾಯಂದಿರೇ, ಮಾವಿನ ಮರ ಹತ್ತಿ ಕೂತ ಪುಕ್ಕಟೆ ಪ್ರೇಕ್ಷಕರೇ! ಗದ್ದಲ ನಿಲ್ಲಲಿ—

ಗದ್ದಲವೇ ಇಲ್ಲ. ಯಾರೂ ಇಲ್ಲ. ಇರುವುದು ಈ ನೋಟ್‌ಬುಕ್, ಲ್ಯಾಬಿನ ಸ್ಟೂಲು, ಒಂದು ಲೋಟ ಚಹಾ, ಓವನ್ನಿನ ಗುಂಯ್. ಆದರೂ ಹೀಗೆ ಕೂಗದೆ ಪೆನ್ನು ಏಳುವುದಿಲ್ಲ. ಅಪ್ಪನ ನಾಟಕ ತಂಡದಲ್ಲಿ ಬೆಳೆದ ಗಂಟಲು. ರಾಜನ ಪಾತ್ರಕ್ಕೆ ಹುಟ್ಟಿದವನು ಮಣ್ಣು ತೂಗುತ್ತ ಕೂತಿದ್ದೇನೆ.

ತೂಗಿದೆ. ಒಣಗಿಸಿದೆ. ಮತ್ತೆ ತೂಗಿದೆ. ಕಳೆದುಹೋದ ತೂಕವೇ ನೀರು. ಹದಿನಾಲ್ಕು ವರ್ಷದಿಂದ ಇಷ್ಟೇ ಕೆಲಸ. ನಮ್ಮ ಬಂದರಿನ ಕಬ್ಬಿಣದ ಅದಿರಿನಲ್ಲಿ ನೂರಕ್ಕೆ ಒಂಬತ್ತು ಪಾಲಿಗಿಂತ ಹೆಚ್ಚು ನೀರಿದ್ದರೆ ಹಡಗಿಗೆ ಹಾಕುವಂತಿಲ್ಲ. ಮೇಲೆ ನೋಡಿದರೆ ಗಟ್ಟಿ ಮಣ್ಣು. ಹಡಗು ಓಲಾಡುತ್ತ ಹೋದಂತೆ ಒಳಗೊಳಗೇ ಗಂಜಿ. ಗಂಜಿ ಒಂದು ಮಗ್ಗುಲಿಗೆ ಹರಿಯಿತೋ, ಹಡಗೂ ಮಗ್ಗುಲಾಗುತ್ತದೆ. ಮತ್ತೆ ಏಳುವುದಿಲ್ಲ.

ಮೊರ್ಲಾಯ್ ಬಂದ. ಬಂದರಿನಲ್ಲಿ ರಾಶಿ ಹಾಕಿದ ಅದಿರಿನ ಗುಡ್ಡ ಹತ್ತಿ ಸ್ಯಾಂಪಲ್ ಅಗೆಯುವವನು. ಚೀನಾದಲ್ಲಿ ಅದಿರಿನ ಬೆಲೆ ಅವನಿಗೆ ಫುಟ್‌ಬಾಲ್ ಸ್ಕೋರು. ಮೊಬೈಲು ಒರೆಸಿಕೊಳ್ಳುತ್ತ ಬಾಗಿಲಲ್ಲೇ ವರದಿ ಒಪ್ಪಿಸಿದ. ನನ್ನನ್ನು ಅವನು ಕರೆಯುವುದು 'ಬ್ರಾ' ಅಂತ, ಅಂದರೆ ಅಣ್ಣ.

"ಬ್ರಾ ಸೋರಿ, ಇವತ್ತೂ ಸೋತ್ವಿ. ಟನ್ನಿಗೆ ತೊಂಬತ್ತೇಳು ಡಾಲರು."

"ಹೋದ ವಾರ?"

"ನೂರಾ ಆರು. ಅಲ್ಲಿ ಕಟ್ಟಿದ ಮನೇನೇ ಕೊಳ್ಳೋರಿಲ್ವಂತೆ. ಮನೆ ಬೇಡ ಅಂದ್ರೆ ಉಕ್ಕು ಬೇಡ. ಉಕ್ಕು ಬೇಡ ಅಂದ್ರೆ..." ಕಿಟಕಿಯಾಚೆ ಮಳೆಯಲ್ಲಿ ನೆನೆಯುತ್ತಿದ್ದ ಗುಡ್ಡದ ಕಡೆ ಗದ್ದ ಎತ್ತಿದ.

"ಆಸ್ಟ್ರೇಲಿಯಾದೋರು, ಬ್ರೆಜಿಲಿನೋರು ಏನ್ಮಾಡ್ತಾರೆ?"

"ಅವರಿಗೇನು! ನೆಲ ಕೆರೆದ್ರೆ ಕಬ್ಬಿಣ. ಎಂಬತ್ತಕ್ಕಿಳಿದ್ರೂ ಉಂಡು ತೇಗ್ತಾರೆ. ನಮ್ಮದು ತೊಳೆದು ತೊಳೆದು ಮಾರೋ ಮಾಲು. ತೊಂಬತ್ತಕ್ಕಿಂತ ಕೆಳಗೆ ಹೋದ್ರೆ ಗಣಿಗೆ ಬೀಗ, ನಮ್ಮ ರೊಬಾಂಕಾ ಬಂದರಿಗೂ ಬೀಗ. ಆಮೇಲೆ ನೀನು ರಾಜ, ನಾನು ಮಂತ್ರಿ, ಇಬ್ರೂ ಮೀನು ಹಿಡಿಯೋಣ."

ನಕ್ಕೆ. ನಗು ಅರ್ಧಕ್ಕೇ ನಿಂತಿತು. ಶನಿವಾರ 'ಪೆಲಾಗಿಯಾ' ಬರುತ್ತದೆ. ಈ ಮಳೆಗಾಲಕ್ಕೆ ನಮಗಿರುವುದು ಅದೊಂದೇ ಹಡಗು.

ಆಗಸ್ಟ್ 1, ಗುರುವಾರ. ಸಂಜೆ 5

ಇಡೀ ದಿನ ಮೊರ್ಲಾಯ್ ಗುಡ್ಡದ ಮೇಲೆ. ಹದಿನಾಲ್ಕು ಚೀಲ ಸ್ಯಾಂಪಲ್ ತಂದ. ತುದಿಯಿಂದ, ನಡುವಿನಿಂದ, ಬುಡದಿಂದ, ಮೊಣಕೈವರೆಗೆ ಅಗೆದು. ಮುಖವೆಲ್ಲ ಕೆಂಪು, ಹಲ್ಲು ಮಾತ್ರ ಬಿಳಿ.

ಕರೆಂಟಿಲ್ಲ. ಜನರೇಟರಿಗೆ ಡೀಸೆಲ್ ಇಲ್ಲ. ಶನಿವಾರ ಬರುತ್ತದಂತೆ. ಲ್ಯಾಬಿನ ಸೂರು ಮೂರು ಕಡೆ ಸೋರುತ್ತಿದೆ. ಎಲ್ಲಿಡಲಿ ಚೀಲ?

ಕೈಗಾಡಿಯಲ್ಲಿ ಮನೆಗೆ ಸಾಗಿಸಿದೆ. ನಮ್ಮೂರಲ್ಲಿ ಮಳೆಗಾಲಕ್ಕೆ ನೆನೆಯಬಾರದ ವಸ್ತುವಿಗೆಲ್ಲ ಒಂದೇ ಜಾಗ: ಮೀನು ಹೊಗೆ ಹಾಕುವ ಒಲೆಯ ಮೇಲಿನ ಅಟ್ಟ. ಉಪ್ಪು ಅಲ್ಲೇ, ಬಿತ್ತನೆ ಭತ್ತ ಅಲ್ಲೇ, ಮಗಳು ಆಮಿನಾಳ ಶಾಲೆಯ ಸರ್ಟಿಫಿಕೇಟೂ ಅಲ್ಲೇ. ನಾನೂ ಹತ್ತಿ ಹದಿನಾಲ್ಕು ಚೀಲ ಜೋಡಿಸಿದೆ. ಕೆಳಗೆ ಹೆಂಡತಿ ಯಾಬೋಮಳ ಬೋಂಗಾ ಮೀನುಗಳು ಸಾಲಾಗಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು.

"ನನ್ನ ಮೀನಿನ ಮೇಲೆ ಮಣ್ಣು ಉದುರಿದ್ರೆ ನಿನ್ನ ತಲೇನೇ ಹೊಗೆಗೆ ಕಟ್ತೀನಿ," ಅಂದಳು.

"ಮಹಾರಾಣಿ, ಇದು ಮಣ್ಣಲ್ಲ. ನಮ್ಮ ಅನ್ನ."

"ಅನ್ನವಾದ್ರೆ ಬೇಯಲಿ ಬಿಡು."

ಆಗಸ್ಟ್ 3, ಶನಿವಾರ. ಮಧ್ಯಾಹ್ನ 3

ಡೀಸೆಲ್ ಬಂತು. ಓವನ್ ಹಚ್ಚಿದೆ. ತೇವ ನೂರಕ್ಕೆ 8.1! ಮಿತಿಯೊಳಗೆ! ಇಷ್ಟು ಮಳೆಯಲ್ಲೂ! ಎರಡು ಸಲ ತೂಗಿದೆ. ಅದೇ.

ತೇವದ ಸರ್ಟಿಫಿಕೇಟಿಗೆ ಸಹಿ ಹಾಕಿದೆ— ಸೋರಿ ಥೋಲಿ, ಬಾಲ ಎಳೆದು, ಕೆಳಗೆ ಗೆರೆ ಹೊಡೆದು. ಬಂದರಿನ ಮ್ಯಾನೇಜರ್ ಡೆಕ್ಕರ್ ಕಾಗದ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಬೆನ್ನಿನ ಮೇಲೊಂದು ಗುದ್ದು.

"ಥೋಲಿ, ಊರನ್ನ ಉಳಿಸಿದ್ರಿ."

ಹಡಗು ಬಂದಿದೆ. ಆಳ ನೀರಿನಲ್ಲಿ ಲಂಗರು ಹಾಕಿದೆ. ನಾಳೆಯಿಂದ ದೋಣಿಗಳು ಅದಿರು ಹೊತ್ತು ಹೋಗುತ್ತವೆ. ಹಡಗಿನ ಹೊಟ್ಟೆಯ ಏಳು ಕೋಣೆ ತುಂಬಬೇಕು.

ಆಗಸ್ಟ್ 5, ಸೋಮವಾರ. ಬೆಳಿಗ್ಗೆ 7

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟರೆ ಕೆಡಲಿ.

ಯಾಬೋಮ್ ಸಂತೆಗೆ ಹೊರಟಿದ್ದಳು. ಹೊಗೆ ಮೀನು ಬುಟ್ಟಿಗೆ ಜೋಡಿಸುತ್ತ ತನ್ನಷ್ಟಕ್ಕೆ ನಕ್ಕಳು.

"ಏನು?"

"ನಿನ್ನ ಅನ್ನ. ಗುರುವಾರ ನೀನು ಚೀಲ ಏರಿಸ್ತಿದ್ದಾಗ ನಾನೂ ಒಂದು ಕೈ ಕೊಟ್ನಲ್ಲ, ಸೊಂಟ ಹಿಡ್ಕೊಳ್ತು. ಶನಿವಾರ ಇಳಿಸುವಾಗ ಚೀಲಕ್ಕೆರಡು ಮೀನಿನಷ್ಟು ಹಗುರಾಗಿತ್ತು. ನಿನ್ನ ಮಣ್ಣೂ ನನ್ನ ಮೀನಿನ ಹಾಗೇ ಬತ್ತಿತ್ತು, ಆಮಿನಾನ ಅಪ್ಪ."

ಬಾಯಿಗೆ ಹೋಗುತ್ತಿದ್ದ ಅನ್ನ ಕೈಯಲ್ಲೇ ಉಳಿಯಿತು.

ಹಸಿ ಮೀನು ಒಂದು ಬುಟ್ಟಿ ಅಟ್ಟಕ್ಕೆ ಹೋದರೆ ಎಷ್ಟು ತೂಕ ಕಳೆದುಕೊಂಡು ಇಳಿಯುತ್ತದೆ ಎಂದು ಕೈಯಲ್ಲೆತ್ತಿ ಹೇಳುವವಳು ಅವಳು. ಓವನ್ ಬೇಡ, ತಕ್ಕಡಿ ಬೇಡ. ನಾನು? ಹದಿನಾಲ್ಕು ವರ್ಷದ ಪಂಡಿತ! ಎರಡು ರಾತ್ರಿ ಒಂದು ಹಗಲು ಒಲೆಯ ಮೇಲಿಟ್ಟು ಒಣಗಿಸಿದ ಅದಿರನ್ನು ತಂದು, ಇದರಲ್ಲಿ ನೀರೆಷ್ಟಿದೆ ಎಂದು ತೂಗಿದವನು!

ನೆನೆಯದಂತೆ ಕಾಪಾಡಿದೆ. ಕಾಪಾಡಬೇಕಾಗಿದ್ದದ್ದು ಅದರ ತೇವವನ್ನೇ.

ಆಗಸ್ಟ್ 6, ಮಂಗಳವಾರ. ಮಧ್ಯಾಹ್ನ 12:30

ಮುಂಜಾನೆ ನಾನೇ ಗುಡ್ಡ ಹತ್ತಿದೆ. ಮೊರ್ಲಾಯಿಗೆ ಹೇಳಲಿಲ್ಲ. ಹಳೆಯ ಗುಂಡಿಗಳ ಪಕ್ಕದಲ್ಲೇ ಅಗೆದು, ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ನೇರ ಓವನ್ನಿಗೆ.

10.9.

ಡೆಕ್ಕರ್ ಅವರ ಕೋಣೆಗೆ ಹೋದೆ. ಅವರ ಮುಂದೆ ತಟ್ಟೆ, ಕಸಾವಾ ಸೊಪ್ಪಿನ ಸಾರು, ಅನ್ನ. ಊಟ ನಿಲ್ಲಿಸದೆ ಕಾಗದ ಓದಿದರು. ಆಮೇಲೆ ಊಟ ನಿಲ್ಲಿಸಿದರು.

"ಏನಿದು?"

"ಮತ್ತೆ ನೋಡಿದೆ ಸರ್. ಜಾಸ್ತಿ ಇದೆ. ಲೋಡಿಂಗ್ ನಿಲ್ಲಿಸಬೇಕು."

"ಹಾಗಾದ್ರೆ ಶನಿವಾರದ್ದು ತಪ್ಪು ಅಂತೀರಾ?"

ಇಲ್ಲಿದೆ ನೋಡಿ, ಮಹಾಜನರೇ, ಇಡೀ ನಾಟಕದ ಪ್ರಶ್ನೆ! ತಪ್ಪು ಅನ್ನು, ಸೋರಿ. ಎರಡಕ್ಷರ. ಅಟ್ಟದ ಮೇಲಿಟ್ಟಿದ್ದೆ ಅನ್ನು. ಸಾವಿರ ಜನರೆದುರು ಸಿಂಹಾಸನ ಅದುರುವಂತೆ ಗರ್ಜಿಸಿದ ಗಂಟಲು. ಎಲ್ಲಿ ಹೋಯಿತು?

"ಇಲ್ಲ ಸರ್... ಶನಿವಾರದ್ದು ಸರಿಯಿತ್ತು. ಆಮೇಲೆ ಮಳೆ ಬಂತಲ್ಲ..."

"ಮಳೆ!" ಡೆಕ್ಕರ್ ಉಸಿರು ಬಿಟ್ಟರು. "ಆಗಸ್ಟಿನಲ್ಲಿ ಮಳೆ ಬರದೆ ಹಿಮ ಬೀಳುತ್ತಾ? ಕೂತ್ಕೊಳ್ಳಿ. ಇವತ್ತು ಬೆಲೆ ತೊಂಬತ್ತೆರಡು. ಹದಿನಾರನೇ ತಾರೀಕಿನೊಳಗೆ ಹಡಗು ಹೊರಡದಿದ್ರೆ ಮಾಲು ಬೇಡ ಅನ್ನೋ ಹಕ್ಕು ಕೊಳ್ಳುವವನಿಗಿದೆ. ಅವನು ಅದಕ್ಕೇ ಕಾಯ್ತಿದ್ದಾನೆ. ಅವನ ಬಂದರಿನಲ್ಲಿ ಆಗಲೇ ಗುಡ್ಡದ ಮೇಲೆ ಗುಡ್ಡ ಬಿದ್ದಿದೆ, ಕೇಳೋರಿಲ್ಲ. ಈ ಹಡಗು ಹೋಗದಿದ್ರೆ ಮುನ್ನೂರು ಜನ ಮನೆಗೆ. ಹೇಳಿ, ನಿಮ್ಮ ಸರ್ಟಿಫಿಕೇಟ್ ತಪ್ಪೋ, ಸರಿಯೋ? ತಪ್ಪು ಅಂತ ಬರೆದುಕೊಡಿ. ಈಗಿಂದೀಗ ನಿಲ್ಲಿಸ್ತೀನಿ."

ಅವರು ಮುಂದೆ ನೂಕಿದ ಪೆನ್ನನ್ನು ಮುಟ್ಟಲಿಲ್ಲ.

"ಸರಿ ಹಾಗಾದ್ರೆ." ಹೊಸ ಕಾಗದ ಮಡಚಿ ಡ್ರಾಯರಿಗೆ ಹಾಕಿದರು. ಬೀಗ ತಿರುಗಿತು.

ಎದ್ದು ಬಂದೆ. ಎರಡು ಕೋಣೆ ತುಂಬಿಯಾಗಿದೆ.

ಆಗಸ್ಟ್ 10, ಶನಿವಾರ

ಮೂರು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ದೋಣಿ ಹೋಯಿತು, ದೋಣಿ ಬಂತು.

ಆಗಸ್ಟ್ 11, ಭಾನುವಾರ. ಬೆಳಿಗ್ಗೆ 9

ಮೊರ್ಲಾಯ್ ಖುಷಿಯಾಗಿ ಮನೆಗೆ ಬಂದ. "ಐದು ತುಂಬ್ತು ಬ್ರಾ! ಇನ್ನೆರಡು. ಬುಧವಾರ ಲಂಗರು ಎತ್ತುತ್ತೆ. ಬೆಲೆ ತೊಂಬತ್ತೊಂದಾದ್ರೂ ನಾವು ದಾಟ್ಕೊಂಡ್ವಿ." ತನ್ನ ಮಗಳಿಗೆ ಕೊಂಡ ಹೊಸ ಬೂಟು ತೋರಿಸಿದ. ಚೆನ್ನಾಗಿದೆ ಅಂದೆ.

ಅವನು ಹೋದ ಮೇಲೆ ಯಾಬೋಮ್ ಒಲೆಯ ಮುಂದೆ ಕೂತು, ಮುಖ ತಿರುಗಿಸದೆ ಕೇಳಿದಳು.

"ಆ ಹಡಗಲ್ಲಿ ಎಷ್ಟು ಜನ?"

"ಇಪ್ಪತ್ತೊಂದು."

"ಎಲ್ಲಿಯವರು?"

"ಫಿಲಿಪೀನ್ಸಿನವರು. ಬರ್ಮಾದವರೂ ಇದ್ದಾರಂತೆ."

"ಅವರ ಹೆಂಡ್ತೀರಿಗೆ ನಮ್ಮೂರಿನ ಹೆಸರೂ ಗೊತ್ತಿರಲ್ಲ." ಒಂದು ಮೀನು ಮಗುಚಿದಳು. "ಐದು ದಿನದಿಂದ ನಿನ್ನ ತಟ್ಟೇಲಿ ಅನ್ನ ಹಾಗೇ ಉಳೀತಿದೆ. ನಾನೇನು ಕುರುಡೀನಾ?"

ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ನನ್ನ ಚಿಕ್ಕಪ್ಪನ ಮಗ ನಾಳೆ ಬೆಳಕು ಹರಿಯೋ ಹೊತ್ತಿಗೆ ಬಲೆ ಹಾಕೋಕೆ ಅತ್ತ ಕಡೆಗೇ ಹೋಗ್ತಾನೆ," ಅಂದಳು. "ದೋಣೀಲಿ ಜಾಗ ಇದೆ."

ಆಗಸ್ಟ್ 12, ಸೋಮವಾರ. ಮಧ್ಯಾಹ್ನ 2. ಬಟ್ಟೆ ಇನ್ನೂ ಒದ್ದೆ

ಹಡಗಿನ ಗೋಡೆ! ಕೆಳಗಿನಿಂದ ನೋಡಿದರೆ ಆಕಾಶಕ್ಕೇ ಕಬ್ಬಿಣದ ಪರದೆ ಬಿಟ್ಟ ಹಾಗೆ. ಹಗ್ಗದ ಏಣಿ ಓಲಾಡುತ್ತಿತ್ತು. ಐವತ್ತೆಂಟರ ಮೊಣಕಾಲು. ಅರ್ಧದಲ್ಲಿ ಕೈ ಜಾರಿತು... ಮೇಲಿನಿಂದ ಯಾರೋ ಕಾಲರು ಹಿಡಿದು ಎಳೆದುಕೊಂಡರು.

ಕ್ಯಾಪ್ಟನ್ ವಿಲ್ಯಾರೂಸ್. ಕುಳ್ಳ, ಕಾಲಿಗೆ ಚಪ್ಪಲಿ, ಮೂಗಿನ ತುದಿಗೆ ಕನ್ನಡಕ. ಕಾಫಿ ಕೊಡಿಸಿದರು. ನನ್ನ ಮಾತು ಮುಗಿಯುವ ಮೊದಲೇ 8.1ರ ಕಾಗದ ಮೇಜಿನ ಮೇಲಿಟ್ಟರು.

"ನಿಮ್ಮ ಸಹಿ ಅಲ್ವಾ ಇದು?"

"ನನ್ನದೇ."

"ಮತ್ತೆ?"

"ಕ್ಯಾಪ್ಟನ್, ಸಹಿ ನಂಬಬೇಡಿ. ಒಂದು ಖಾಲಿ ಡಬ್ಬಿ ಕೊಡಿ. ಮೂರನೇ ಕೋಣೆಯ ನಡುಭಾಗದಿಂದ ಅದಿರು ತರಿಸಿ. ಮೇಲಿನದ್ದು ಬೇಡ, ಅಗೆದು ತರಲಿ."

ತಂದರು. ಕಾಫಿ ಪುಡಿಯ ತಗಡಿನ ಡಬ್ಬಿ. ಅರ್ಧ ತುಂಬಿಸಿದೆ. ನೋಡಿದರೆ ಗಟ್ಟಿ, ಬೆರಳಿಟ್ಟರೆ ಒಣ. ಅಡುಗೆಯವನು, ಇಬ್ಬರು ಖಲಾಸಿಗಳು ಬಾಗಿಲಲ್ಲಿ ಬಂದು ನಿಂತರು. ಅಲೆ ಹಡಗನ್ನು ಕುಲುಕುವ ಹಾಗೆ, ಡಬ್ಬಿಯನ್ನು ಗೇಣೆತ್ತರಕ್ಕೆ ಎತ್ತಿ ಕಬ್ಬಿಣದ ಮೇಜಿಗೆ ಕುಕ್ಕಿದೆ.

ಒಂದು. ಎರಡು. ಮೂರು.

ಡಬ್ಬಿಯ ಸದ್ದು, ಹಡಗಿನ ಗುಡುಗುಡು. ಎಂಟು. ಒಂಬತ್ತು. ಏನೂ ಇಲ್ಲ. ಕ್ಯಾಪ್ಟನ್ ಗಡಿಯಾರ ನೋಡಿಕೊಂಡರು. ಹನ್ನೆರಡು. ಎದೆಯೊಳಗೆ ಒಂದು ನೀಚ ಆಸೆ ತಲೆಯೆತ್ತಿತು: ಗಟ್ಟಿಯಾಗೇ ಇರಲಿ, ನಾನು ಹೆಡ್ಡನಾಗಿಬಿಡಲಿ, ಮನೆಗೆ ಹೋಗಿ ಉಣ್ಣುತ್ತೇನೆ. ಹದಿನೈದು. ಹದಿನಾರು.

ಹತ್ತೊಂಬತ್ತಕ್ಕೆ ಮಣ್ಣು ಮಿರುಗಿತು.

ಇಪ್ಪತ್ತೆರಡಕ್ಕೆ ಮೇಲೆ ನೀರು ಬಂತು. ಇಪ್ಪತ್ತೈದಕ್ಕೆ ಡಬ್ಬಿ ಓರೆ ಮಾಡಿದೆ. ಗಟ್ಟಿ ಮಣ್ಣು ಜಾರಿ, ಹರಿದು, ಮೇಜಿನ ಅಂಚಿಗೆ ಹೋಗಿ ಕ್ಯಾಪ್ಟನ್ನರ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು.

ಅಡುಗೆಯವನು ಎದೆಯ ಮೇಲೆ ಶಿಲುಬೆ ಗುರುತು ಎಳೆದುಕೊಂಡ. ಕ್ಯಾಪ್ಟನ್ ಕನ್ನಡಕ ತೆಗೆದರು. ಗೋಡೆಯ ಫೋನು ಎತ್ತಿ ಮೂರೇ ಮಾತು. ಹೊರಗೆ ಕ್ರೇನಿನ ಸದ್ದು ನಿಂತಿತು.

ಆಮೇಲೆ ಲಾಗ್ ಪುಸ್ತಕ ತೆರೆದು ಪೆನ್ನು ಹಿಡಿದರು.

"ಇದನ್ನ ಬರೀಬೇಕು, ಮಿಸ್ಟರ್ ಥೋಲಿ. 8.1 ಹೇಗೆ ಬಂತು?"

ಹೇಳಬಹುದಿತ್ತು. ಇಪ್ಪತ್ತೊಂದು ಜನರನ್ನು ಉಳಿಸಿದವನನ್ನು, ಆ ಗಳಿಗೆಯಲ್ಲಿ ಏನು ಹೇಳಿದ್ದರೂ ತಬ್ಬಿಕೊಳ್ಳುತ್ತಿದ್ದರು. ಆದರೂ ನಾಲಿಗೆ ಬೇರೆ ದಾರಿ ಹಿಡಿಯಿತು.

"ಸ್ಯಾಂಪಲ್ಲು... ಗುಡ್ಡದ ಮೇಲ್ಮೈಯಿಂದ ತೆಗೆದಿರಬೇಕು. ನೀರು ಬುಡಕ್ಕಿಳಿದು ಆರಿದ ಜಾಗದಿಂದ."

ಬರೆದುಕೊಂಡರು. ಕೈ ಕುಲುಕಿದರು. ಒಂದು ಪೊಟ್ಟಣ ಬಿಸ್ಕತ್ತು ಕೊಟ್ಟರು. ಹಿಂತಿರುಗುವಾಗ ದೋಣಿಯಲ್ಲಿ ತಿಂದೆ. ಎಲ್ಲವನ್ನೂ ತಿಂದೆ.

ಆಗಸ್ಟ್ 14, ಬುಧವಾರ. ಸಂಜೆ 4

ರಾಜಧಾನಿ ಫ್ರೀಟೌನಿನಿಂದ ತೇವ ಪರೀಕ್ಷಿಸುವ ಸರ್ವೇಯರ್ ಬಂದು ನೋಡಿದ. 10.7, 11.2, 10.9. ಕೊಳ್ಳುವವನು ಮಾಲು ಬೇಡ ಅಂದ. ಬೆಲೆ ಎಂಬತ್ತೊಂಬತ್ತು. ಐದು ಕೋಣೆಯ ಅದಿರು ಮತ್ತೆ ದೋಣಿಗಿಳಿದು ವಾಪಸು ಬರುತ್ತಿದೆ. ತುಂಬಿದವರೇ ಇಳಿಸುತ್ತಿದ್ದಾರೆ, ಮುಖ ಕೆಂಪಗೆ, ಬಾಯಿ ಬಿಗಿದು. ಇಳಿಸಿ ಮುಗಿದ ಮೇಲೆ ಮಳೆಗಾಲ ಕಳೆಯುವವರೆಗೆ ಅರ್ಧ ಬಂದರಿಗೆ ಕೆಲಸವಿಲ್ಲ. ಬೆಲೆ ಏರಿದರೆ ನವೆಂಬರಿಗೆ ಕರೆಯುತ್ತಾರಂತೆ. ಏರಿದರೆ.

ಡೆಕ್ಕರ್ ನನ್ನ ಮೇಲೆ ಹಾರುತ್ತಾರೆ ಅಂದುಕೊಂಡಿದ್ದೆ. ಹಾರಲಿಲ್ಲ. ದಣಿದಿದ್ದರು. ಲಾಗ್ ಪುಸ್ತಕದ ನಕಲು ಮುಂದೆ ನೂಕಿದರು.

"ನಿಮ್ಮನ್ನ ಹಿಡಿದುಕೊಂಡು ಏನ್ಮಾಡಲಿ? ಹಡಗಿನವರು ನಿಮಗೆ ಮೆಚ್ಚುಗೆ ಪತ್ರ ಬರೆದಿದ್ದಾರೆ. ತಪ್ಪು ಸ್ಯಾಂಪಲ್ ತೆಗೆದವನದ್ದು ಅಂತ ನೀವೇ ಹೇಳಿದ್ದೀರಿ. ಮೊರ್ಲಾಯ್ ಕಾಬಿಯಾ."

"ಸರ್, ಅವನು—"

"ಅವನು?"

ಮತ್ತೆ ಅದೇ ಪ್ರಶ್ನೆ. ಮತ್ತೆ ಅದೇ ಗಂಟಲು.

"...ಒಳ್ಳೇ ಕೆಲಸಗಾರ ಸರ್."

"ಇರಬಹುದು."

ಆಗಸ್ಟ್ 15, ಗುರುವಾರ. ಬೆಳಿಗ್ಗೆ 11

ಜೆಟ್ಟಿಯ ಚಹಾ ಗುಡಿಸಲಿನಲ್ಲಿ ಮೊರ್ಲಾಯ್ ಒಬ್ಬನೇ ಬೆಂಚಿನ ತುದಿಗೆ ಕೂತಿದ್ದ. ಆಚೆ ಬೆಂಚಿನಲ್ಲಿ ಕ್ರೇನಿನವರು. ಒಬ್ಬ ಇವನಿಗೆ ಕೇಳುವಂತೆ ಕೂಗಿದ: "ಲೋ, ಆ ಸಲಿಕೆಯವನಿಗೆ ಒಂದು ಚಮಚ ಕೊಡ್ರೋ! ಆಳಕ್ಕೆ ಅಗೆಯೋಕೆ ಸೋಮಾರಿತನವಂತೆ!" ಇನ್ನೊಬ್ಬ: "ಮುನ್ನೂರು ಮನೆಯ ಒಲೆಗೆ ನೀರು ಹಾಕಿದ ಮಹಾನುಭಾವ!"

ಮೊರ್ಲಾಯ್ ತಲೆಯೆತ್ತಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಬೆಲೆ ಹೇಳುತ್ತಾನೆ ಎಂದು ಕಾದೆ. ಹೇಳಲಿಲ್ಲ.

"ಬ್ರಾ," ಅಂದ. "ಒಂದು ಮಾತು. ಬೈಬೇಡ. ಬುಡದವರೆಗೂ ಅಗೆದಿದ್ದೆ ಅಂತಲೇ ನನ್ನ ನೆನಪು. ಆದ್ರೆ ಆವತ್ತು ಮಳೆ ಜೋರಿತ್ತಲ್ಲ, ಕೊನೇ ಮೂರ್ನಾಲ್ಕು ಗುಂಡಿ ಅವಸರದಲ್ಲಿ... ನಾನೇ ತಪ್ಪಿದ್ದೀನೇನೋ. ನೀನು ಹೇಳಿದ್ಮೇಲೆ ಅದು ಸುಳ್ಳಿರಲ್ಲ. ನಿನ್ನ ಸಹಿಗೆ ಮಸಿ ಬಳಿದೆ. ಕ್ಷಮಿಸು."

ಕ್ಷಮೆ! ಅವನು! ನನ್ನನ್ನು!

ಹೇಳಬೇಕು. ಈಗಲೇ. ಬಾಯಿ ತೆರೆದೆ. ಕ್ರೇನಿನವರು ಇತ್ತ ನೋಡಿದರು. ಬಾಯಿ ಮುಚ್ಚಿದೆ. ಅವನ ಚಹಾದ ದುಡ್ಡು ಕೊಟ್ಟೆ. ಥೂ. ಅದನ್ನು ಬರೆಯಲೂ ನಾಚಿಕೆ.

ಅದೇ ದಿನ. ಸಂಜೆ 6

ನೋಟಿಸು ಹಚ್ಚಿದ್ದಾರೆ. ನಾಳೆ ಬೆಳಿಗ್ಗೆ ಏಳಕ್ಕೆ, ಪಾಳಿ ಬದಲಾಗುವ ಹೊತ್ತಿಗೆ, ಮೊರ್ಲಾಯ್ ಕಾಬಿಯಾನನ್ನು ಎಲ್ಲರೆದುರು ಗೇಟಿನ ಬಳಿ ನಿಲ್ಲಿಸಿ ವಜಾ ಪತ್ರ ಓದುತ್ತಾರೆ. ಹಾಗೆ ವಜಾ ಆದವನಿಗೆ ಈ ನದಿಯ ಯಾವ ಬಂದರಿನಲ್ಲೂ ಮತ್ತೆ ಕೆಲಸ ಹುಟ್ಟುವುದಿಲ್ಲ.

ಮನೆಗೆ ಬಂದು ಮೂರು ಪುಟ ಭಾಷಣ ಬರೆದೆ. ಮಳೆಯ ಬಗ್ಗೆ, ಡೀಸೆಲ್ ಬರದ ಬಗ್ಗೆ, ಸೋರುವ ಸೂರಿನ ಬಗ್ಗೆ, ಚೀನಾದಲ್ಲಿ ಖಾಲಿ ಬಿದ್ದ ಮನೆಗಳ ಬಗ್ಗೆ. ಗಂಟಲು ಏರಿಸಿ ಓದಿ ತೋರಿಸಿದೆ. ಯಾಬೋಮ್ ಮೀನಿನ ಹೊಟ್ಟೆ ಸೀಳುತ್ತ ಕೇಳಿದಳು.

"ಚೆನ್ನಾಗಿದೆ," ಅಂದಳು. "ಇದರಲ್ಲಿ ನೀನೆಲ್ಲಿದ್ದೀಯ?"

"ನಾನೇ ಅಲ್ವೇನೆ ಮಾತಾಡ್ತಿರೋದು?"

"ಮಾತಾಡ್ತಿದ್ದೀಯ. ಮಾತಿನೊಳಗೆ ಮಾತ್ರ ನೀನಿಲ್ಲ."

ಮೂರು ಪುಟ ಒಲೆಗೆ ಹಾಕಿದೆ. ಅವಳೇ ಸೌದೆ ಸರಿಸಿ ಜಾಗ ಕೊಟ್ಟಳು.

"ಕೆಲಸ ಹೋಗುತ್ತೆ," ಅಂದೆ.

"ಹೋಗುತ್ತೆ."

"ಆ ಜನ ನನ್ನನ್ನ ಸುಮ್ನೆ ಬಿಡಲ್ಲ."

"ಬಿಡಲ್ಲ. ನಾನೂ ಬರ್ತೀನಿ."

ನಾಳೆ ಬೆಳಿಗ್ಗೆ ಆರೂವರೆಗೆ ಹೊರಡುತ್ತೇನೆ. ಬಿಳಿ ಅಂಗಿ ಬೇಡ, ಲ್ಯಾಬಿನ ಕೆಂಪು ಕಲೆಯ ಅಂಗಿಯೇ ಸಾಕು. ಡೆಕ್ಕರ್ ಪತ್ರ ಬಿಚ್ಚುವ ಮೊದಲೇ ಗೇಟಿನ ಕಟ್ಟೆ ಹತ್ತುತ್ತೇನೆ. ಮೊರ್ಲಾಯಿಯನ್ನು ಪಕ್ಕಕ್ಕೆ ಸರಿಸಿ ಅವನು ನಿಂತ ಜಾಗದಲ್ಲಿ ನಾನು ನಿಲ್ಲುತ್ತೇನೆ. ಮಳೆ ಅನ್ನುವುದಿಲ್ಲ. ಡೀಸೆಲ್ ಅನ್ನುವುದಿಲ್ಲ. ಚೀನಾ ಅನ್ನುವುದಿಲ್ಲ. ಹಿಂದಿನ ಸಾಲಿಗೂ ಕೇಳುವ ಹಾಗೆ ಒಂದೇ ಮಾತು: ಇವನು ಬುಡದವರೆಗೂ ಅಗೆದಿದ್ದ, ಆ ಹದಿನಾಲ್ಕು ಚೀಲ ಒಲೆಯ ಮೇಲೆ ಏರಿಸಿ ಒಣಗಿಸಿದವನು ನಾನು.